ಹೆಸರಿನ ಕೊನೆಗೆ ಬರುವ ಶಾಲೆ: ಅಝ್ಹರ್ ಮತ್ತು ಅದರ ಪರವೂರ ಮಕ್ಕಳು

ಮನೆಗೆ ಬಂದಿರುವ ಮದುವೆ ಕಾಗದಗಳನ್ನು, ಮಸೀದಿ ಗೋಡೆಯಲ್ಲಿ ಅಂಟಿಸಿರುವ ಉಪನ್ಯಾಸದ ಪೋಸ್ಟರ್‌ಗಳನ್ನು ಒಮ್ಮೆ ನೋಡಿ. ನಿಖಾಹ್‌ಗೆ ನೇತೃತ್ವ ಕೊಡುವ ಉಸ್ತಾದರ, ಮುಖ್ಯ ಭಾಷಣ ಮಾಡುವವರ ಹೆಸರಿನ ಕೊನೆಗೆ ಒಂದು ಪದ ಇದ್ದೇ ಇರುತ್ತದೆ. ಬಾಖವಿ, ಫೈಝಿ, ಸಖಾಫಿ, ಸಅದಿ, ದಾರಿಮಿ, ಹುದವಿ, ಖಾಸಿಮಿ, ನದ್ವಿ, ಮದನಿ, ಅಝ್ಹರಿ. ಇದು ಅವರ ಮನೆ ಹೆಸರಾ ಅಂತ ಮಕ್ಕಳು ಕೇಳುವುದುಂಟು. ಮನೆ ಹೆಸರಲ್ಲ, ಕಲಿತ ಶಾಲೆಯ ಹೆಸರು. ಬಾಖವಿ ಅಂದರೆ ವೆಲ್ಲೂರಿನ ಬಾಖಿಯಾತುಸ್ಸಾಲಿಹಾತ್‌ನಿಂದ ಸನದು ಪಡೆದವರು. ಫೈಝಿ ಅಂದರೆ ಪಟ್ಟಿಕ್ಕಾಡಿನ ಜಾಮಿಅ ನೂರಿಯ್ಯ. ಸಖಾಫಿ ಅಂದರೆ ಕಾರಂದೂರಿನ ಮರ್ಕಝ್, ಸಅದಿ ಅಂದರೆ ಕಾಸರಗೋಡು ದೇಳಿಯ ಸಅದಿಯ್ಯ. ಮದನಿ ಅಂದರೆ ಮಾತ್ರ ಸ್ವಲ್ಪ ವಿಚಾರಿಸಬೇಕು. ನಮ್ಮ ಉಳ್ಳಾಲದ ಸಯ್ಯಿದ್ ಮದನಿ ಅರಬಿಕ್ ಕಾಲೇಜಿನಲ್ಲಿ ಕಲಿತವರೂ ಮದನಿ, ಸೌದಿಯ ಮದೀನಾ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವರೂ ಮದನಿ!

ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗ ಕಾಲೇಜಿನ ಹೆಸರನ್ನು ತನ್ನ ಹೆಸರಿಗೆ ಕಟ್ಟಿಕೊಂಡು ಊರೂರು ತಿರುಗುವುದಿಲ್ಲ. ದೀನೀ ಶಾಲೆಗಳಲ್ಲಿ ಕಲಿತವರು ತಿರುಗುತ್ತಾರೆ. ಅವರು ಒಳ್ಳೆಯ ಮಾತಾಡಿದರೆ ಶಾಲೆಗೆ ಹೆಸರು, ಎಡವಟ್ಟು ಮಾಡಿದರೆ ಶಾಲೆಗೂ ಮಾತು. ಹಾಗಾದರೆ ಶಾಲೆಗೆ ತನ್ನ ಹಳೆಯ ವಿದ್ಯಾರ್ಥಿ ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ತಿಳಿಯುವ ಗರಜು ಇರಬೇಕಲ್ವಾ? ವಿದ್ಯಾರ್ಥಿ ಪಕ್ಕದ ತಾಲೂಕಿನವನಾದರೆ ಅದು ಸುಲಭ. ಸಮುದ್ರದಾಚೆಯಿಂದ ಬಂದು, ಕಲಿತು, ಮತ್ತೆ ಸಮುದ್ರದಾಚೆಗೆ ಹೋದವನಾದರೆ?

ಈ ಪ್ರಶ್ನೆಯನ್ನು ಸಾವಿರ ವರ್ಷಗಳಿಂದ ಎದುರಿಸುತ್ತಾ ಬಂದ ಒಂದು ಶಾಲೆ ಇದೆ. ಅದು ಕೈರೋದ ಅಲ್ ಅಝ್ಹರ್. ನಮ್ಮ ಕರಾವಳಿಯಿಂದ, ಕೇರಳದಿಂದ ಅಲ್ಲಿಗೆ ಮಕ್ಕಳನ್ನು ಕಳಿಸುವ ಮನೆಗಳು ಈಗ ಅಪರೂಪವೇನಲ್ಲ. ಹಾಗಾಗಿ ಈ ವಾರ ಅಲ್ಲಿಯ ಕಥೆ.

ಫಾತಿಮಿಗಳು ಕೈರೋ ನಗರ ಕಟ್ಟಿದಾಗಲೇ ಅಝ್ಹರ್ ಮಸೀದಿಯನ್ನೂ ಕಟ್ಟಿದರು. ಅಲ್ಲಿ ಮೊದಲ ನಮಾಝ್ ನಡೆದದ್ದು 972ರಲ್ಲಿ. ನಂತರ ಸಲಾಹುದ್ದೀನ್ ಅಯ್ಯೂಬಿಯ ಕಾಲದಲ್ಲಿ ಅಲ್ಲಿಯ ಜುಮುಅ ಖುತ್ಬ ನಿಂತಿತು. ಅದು ಮತ್ತೆ ಆರಂಭವಾದದ್ದು 1266ರಲ್ಲಿ, ಸುಲ್ತಾನ್ ಬೈಬರ್ಸ್ ಕಾಲದಲ್ಲಿ. ಆಮೇಲೆ ಅದು ಸುನ್ನೀ ಜಗತ್ತಿನ ದೊಡ್ಡ ವಿದ್ಯಾಕೇಂದ್ರವಾಗಿ ಬೆಳೆಯಿತು. ಶಾಫಿಈ, ಹನಫಿ, ಮಾಲಿಕಿ, ಹಂಬಲಿ ನಾಲ್ಕೂ ಮದ್‌ಹಬ್‌ಗಳ ಪಾಠ ಅಲ್ಲಿ ನಡೆಯಿತು. ಶಾಫಿಈ ಮದ್‌ಹಬ್‌ನ ನಮಗೆ ಇನ್ನೊಂದು ಕಾರಣಕ್ಕೂ ಕೈರೋ ಹತ್ತಿರ. ಇಮಾಮ್ ಶಾಫಿಈ ಅವರ ಮಖ್ಬರ ಇರುವುದು ಅದೇ ಊರಿನಲ್ಲಿ.

ಅಝ್ಹರ್‌ನ ಗುಟ್ಟು ಇರುವುದು ಅದರ ‘ರಿವಾಖ್’ಗಳಲ್ಲಿ. ರಿವಾಖ್ ಅಂದರೆ ಕಂಬಗಳ ಪಡಸಾಲೆ. ದೂರದಿಂದ ಬಂದ ವಿದ್ಯಾರ್ಥಿಗಳಿಗೆ ಅವರವರ ನಾಡಿನ ಹೆಸರಿನಲ್ಲಿ ಒಂದೊಂದು ರಿವಾಖ್ ಇತ್ತು. ಮೊರೊಕ್ಕೊ ಕಡೆಯ ಮಗ್‌ರಿಬಿಗಳದ್ದು ಒಂದು, ಸಿರಿಯಾ ಕಡೆಯ ಶಾಮಿಗಳದ್ದು ಒಂದು, ತುರ್ಕರದ್ದು, ಜಾವಾದವರದ್ದು, ಇಥಿಯೋಪಿಯಾ ಕಡೆಯ ಜಬರ್ತಿಗಳದ್ದು. ಹಿಂದೂಸ್ಥಾನದವರಿಗೂ ‘ರಿವಾಖುಲ್ ಹುನೂದ್’ ಅಂತ ಒಂದಿತ್ತು. ಪ್ರತಿ ರಿವಾಖ್‌ಗೆ ಒಬ್ಬ ಶೈಖ್. ಅದಕ್ಕೆ ಬೇಕಾದ ವಖ್ಫ್ ಆಸ್ತಿ, ಆ ಆಸ್ತಿಯ ಆದಾಯದಿಂದ ವಿದ್ಯಾರ್ಥಿಗಳಿಗೆ ಅಳತೆಯ ರೊಟ್ಟಿ. ಈ ರೊಟ್ಟಿಯ ಪಾಲಿಗೆ ‘ಜಿರಾಯ’ ಅನ್ನುತ್ತಿದ್ದರು. ಪಾಠದ ಹೊತ್ತಿಗೆ ಎಲ್ಲರೂ ಉಸ್ತಾದರ ಸುತ್ತ ಕೂರುವುದು, ಮಲಗುವಾಗ, ಜ್ವರ ಬಂದಾಗ, ಮನೆ ನೆನಪಾದಾಗ ಸ್ವಂತ ಭಾಷೆ ಮಾತಾಡುವವರ ನಡುವೆ ಇರುವುದು.

ನಮ್ಮ ಹಿರಿಯರಿಗೆ ಇದು ಹೊಸ ವಿಷಯ ಅಲ್ಲ. ಪಳ್ಳಿ ದರ್ಸ್‌ಗಳಲ್ಲಿ ಪರವೂರಿನಿಂದ ಬಂದ ಮುತಅಲ್ಲಿಂ ಮಕ್ಕಳು ಮಸೀದಿಯಲ್ಲಿ ಮಲಗಿ, ಊಟಕ್ಕೆ ಜಮಾಅತಿನ ಒಂದೊಂದು ಮನೆಗೆ ಹೋಗುತ್ತಿದ್ದರು. ಊಟ ಕೊಟ್ಟ ಮನೆಯ ಉಮ್ಮಂದಿರಿಗೆ ಆ ಹುಡುಗನ ಊರು, ತಂದೆಯ ಹೆಸರು, ಅವನಿಗೆ ಯಾವ ಪಲ್ಯ ಇಷ್ಟ ಎಲ್ಲ ಗೊತ್ತಿರುತ್ತಿತ್ತು. ಇಪ್ಪತ್ತು ವರ್ಷ ಕಳೆದು ಅವನು ದೊಡ್ಡ ಉಸ್ತಾದನಾಗಿ ಆ ದಾರಿಯಲ್ಲಿ ಬಂದರೆ ಮೊದಲು ಹೋಗುವುದು ಆ ಮನೆಗೇ. ಸಂಪರ್ಕ ಉಳಿಸುವ ಕೆಲಸ ಕಲಿಯುವಾಗಲೇ ಶುರುವಾಗುತ್ತದೆ ಅಂತ ನಮಗೆ ಅನ್ನಿಸುವುದು ಇದಕ್ಕೇ. ಹೊಟ್ಟೆಗೆ ಹಾಕದ ಶಾಲೆ ಆಮೇಲೆ ಎಷ್ಟು ಕಾಗದ ಬರೆದರೂ ಹಳೆಯ ವಿದ್ಯಾರ್ಥಿಯ ಮನಸ್ಸು ತಿರುಗುವುದು ಕಷ್ಟ.

ರಿವಾಖ್‌ಗೆ ಬಂದವರಲ್ಲಿ ಕೆಲವರು ವಾಪಸು ಹೋಗಲೇ ಇಲ್ಲ. ಅಬ್ದುರ್‍ರಹ್ಮಾನ್ ಅಲ್ ಜಬರ್ತಿಯ ಹೆಸರನ್ನು ಚರಿತ್ರೆ ಓದಿದವರು ಕೇಳಿರಬಹುದು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದಾಗ ಏನೇನಾಯಿತು ಎಂದು ಒಳಗಿದ್ದು ಕಂಡು ಬರೆದಿಟ್ಟ ಇತಿಹಾಸಕಾರ. ಅವರ ಹಲವು ತಲೆಮಾರು ಹಿಂದಿನ ಅಜ್ಜ ಜಬರ್ತ್ ನಾಡಿನಿಂದ ಕಲಿಯಲು ಬಂದವರು. ಜಬರ್ತಿ ರಿವಾಖ್‌ನ ಶೈಖ್ ಸ್ಥಾನ ಆ ಮನೆತನದಲ್ಲೇ ಉಳಿಯಿತು. ಹೊರಗಿನಿಂದ ಬಂದವರ ಮೊಮ್ಮಗ ಈಜಿಪ್ಟಿನ ಕಥೆಯನ್ನು ಈಜಿಪ್ಟಿಗೇ ಬರೆದುಕೊಟ್ಟ. ನಮ್ಮ ಕಾಲಕ್ಕೆ ಹತ್ತಿರದ್ದು ಹೇಳುವುದಾದರೆ, 1952ರಲ್ಲಿ ಅಝ್ಹರ್‌ನ ಅತ್ಯುನ್ನತ ಪೀಠಕ್ಕೆ ಏರಿದ ಶೈಖ್ ಮುಹಮ್ಮದ್ ಖಿಳ್ರ್ ಹುಸೈನ್ ಹುಟ್ಟಿದ್ದು ಟ್ಯುನೀಶಿಯಾದಲ್ಲಿ.

ಹೆಚ್ಚಿನವರು ಮಾತ್ರ ವಾಪಸು ಹೋದರು. ಅವರಲ್ಲಿ ಜಾವಾ, ಸುಮಾತ್ರ, ಮಲಯಾದ ಮಕ್ಕಳ ಕಥೆ ವಿಶೇಷವಾದದ್ದು. ಅವರೂ ನಮ್ಮ ಹಾಗೆ ಶಾಫಿಈಗಳು, ಸಮುದ್ರದ ಅಂಚಿನಲ್ಲಿ ವ್ಯಾಪಾರ ಮಾಡಿ ಬದುಕಿದವರು. 1925ರಲ್ಲಿ ಕೈರೋದಲ್ಲಿದ್ದ ಈ ವಿದ್ಯಾರ್ಥಿಗಳು ಸೇರಿ ‘ಸೆರುವಾನ್ ಅಝ್ಹರ್’ ಅಂತ ಒಂದು ಮಾಸಪತ್ರಿಕೆ ಹೊರಡಿಸಿದರು. ಅಝ್ಹರ್‌ನ ಕರೆ ಎಂದು ಅದರ ಅರ್ಥ. ಭಾಷೆ ಮಲಯ, ಲಿಪಿ ಅರಬಿ. ಮದ್ರಸದಲ್ಲಿ ಅರಬಿ ಮಲಯಾಳಂ ಕಿತಾಬ್ ಓದಿ ಬೆಳೆದ ನಮ್ಮ ಅಜ್ಜ ಅಜ್ಜಿಯಂದಿರಿಗೆ ಇದು ಕೂಡಲೇ ಅರ್ಥವಾಗುತ್ತಿತ್ತು. ಪತ್ರಿಕೆ ಕೆಲವೇ ವರ್ಷ ನಡೆಯಿತು. ಆದರೆ ಹಡಗಿನಲ್ಲಿ ಹೋಗುವ ಆ ಹಾಳೆಗಳು ಕೈರೋದಲ್ಲಿ ಇರುವವರನ್ನೂ ಊರಿಗೆ ಮರಳಿದವರನ್ನೂ ಒಂದು ಮಾಡಿದವು. ಗಮನಿಸಿ, ಇದನ್ನು ಮಾಡಿದ್ದು ಶಾಲೆಯ ಆಫೀಸು ಅಲ್ಲ, ಹುಡುಗರೇ.

ಆ ಸಂಬಂಧ ಅಲ್ಲಿಗೇ ನಿಲ್ಲಲಿಲ್ಲ. 1950ರ ದಶಕದಲ್ಲಿ ಆಗಿನ ಶೈಖುಲ್ ಅಝ್ಹರ್ ಅಬ್ದುರ್‍ರಹ್ಮಾನ್ ತಾಜ್ ಇಂಡೋನೇಶ್ಯಾಕ್ಕೆ ಬಂದರು. ಸುಮಾತ್ರದ ಪಾದಂಗ್ ಪಂಜಂಗ್ ಎಂಬ ಊರಿನಲ್ಲಿ ರಹ್ಮ ಎಲ್ ಯೂನುಸಿಯ್ಯ ಎಂಬ ಮಹಿಳೆ 1923ರಲ್ಲಿ ಹೆಣ್ಣುಮಕ್ಕಳಿಗೆಂದೇ ಕಟ್ಟಿದ್ದ ದೀನೀ ಶಾಲೆಯನ್ನು ಅವರು ನೋಡಿದರು. ಆಗ ಅಝ್ಹರ್‌ನಲ್ಲಿ ಹುಡುಗಿಯರಿಗೆ ಅಂತ ಪ್ರತ್ಯೇಕ ಕಾಲೇಜು ಇರಲಿಲ್ಲ. ಆಮೇಲೆ ರಹ್ಮ ಅವರನ್ನು ಕೈರೋಗೆ ಕರೆಸಿ ‘ಶೈಖ’ ಎಂಬ ಬಿರುದು ಕೊಟ್ಟರು. 1960ರ ದಶಕದ ಆರಂಭದಲ್ಲಿ ಅಝ್ಹರ್‌ನಲ್ಲೂ ಮಹಿಳಾ ಕಾಲೇಜು ಶುರುವಾಯಿತು. ಆ ಶಾಲೆ ಒಂದೇ ಇದಕ್ಕೆ ಕಾರಣ ಎಂದು ನಾವು ಹೇಳುವುದಿಲ್ಲ, ಈಜಿಪ್ಟಿನೊಳಗೂ ಒತ್ತಾಯ ಇತ್ತು. ಆದರೂ ಕಲಿಸಲು ಹೋದ ದೊಡ್ಡ ಶಾಲೆ ಕಲಿತುಕೊಂಡೂ ಬಂತು ಅನ್ನುವುದು ಸಣ್ಣ ಮಾತಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳ ಶರೀಅತ್ ಕಾಲೇಜುಗಳಿಗೆ ಜಾಗ, ಕಟ್ಟಡ, ಉಸ್ತಾದೆಯರನ್ನು ಹುಡುಕುತ್ತಾ ಓಡಾಡುತ್ತಿರುವವರು ಈ ಸುಮಾತ್ರದ ಮಹಿಳೆಯ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಹಾಗೆಯೇ ಜಕಾರ್ತದ ದೊಡ್ಡ ಮಸೀದಿಯೊಂದಕ್ಕೆ, ಶೈಖ್ ಮಹ್ಮೂದ್ ಶಲ್ತೂತ್ ಅಲ್ಲಿಗೆ ಹೋದಾಗ, ‘ಅಲ್ ಅಝ್ಹರ್’ ಎಂದೇ ಹೆಸರಿಟ್ಟರು. ಅದರ ಹೆಸರಿನಲ್ಲಿ ಈಗ ಅಲ್ಲಿ ಶಾಲೆಗಳೂ ಇವೆ.

ದೊಡ್ಡ ಸ್ಥಾನಕ್ಕೆ ಏರಿದ ವಿದ್ಯಾರ್ಥಿಗಳನ್ನು ಯಾವ ಶಾಲೆಯೂ ಮರೆಯುವುದಿಲ್ಲ. ಮಾಲ್ದೀವ್ಸ್‌ನ ಮಾಮೂನ್ ಅಬ್ದುಲ್ ಗಯ್ಯೂಮ್ ಹುಡುಗನಾಗಿ ಈಜಿಪ್ಟಿಗೆ ಹೋಗಿ, ಅಝ್ಹರ್‌ನಲ್ಲಿ ಕಲಿತು, 1978ರಿಂದ 2008ರವರೆಗೆ ಮೂವತ್ತು ವರ್ಷ ತನ್ನ ದೇಶದ ಅಧ್ಯಕ್ಷರಾಗಿದ್ದರು. ಇಂಡೋನೇಶ್ಯಾದ ಅಬ್ದುರ್‍ರಹ್ಮಾನ್ ವಾಹಿದ್ ಕಥೆ ಬೇರೆ. 1960ರ ದಶಕದಲ್ಲಿ ಅವರು ಅಝ್ಹರ್ ಸೇರಿದರು. ಅರಬಿ ಚೆನ್ನಾಗಿ ಗೊತ್ತಿದ್ದರೂ ಅದಕ್ಕೆ ಸರ್ಟಿಫಿಕೇಟ್ ಇಲ್ಲ ಎಂದು ಮೊದಲ ವರ್ಷ ಅವರನ್ನು ಕೆಳಗಿನ ತರಗತಿಯಲ್ಲಿ ಕೂರಿಸಿದರು. ಬೇಸರವಾಗಿ ಕೈರೋದ ಲೈಬ್ರರಿಗಳಲ್ಲಿ, ಸಿನೆಮಾ ಟಾಕೀಸುಗಳಲ್ಲಿ ಹೊತ್ತು ಕಳೆದರು. ಪದವಿ ಮುಗಿಸದೆ ಬಗ್ದಾದಿಗೆ ಹೋದರು. 1999ರಲ್ಲಿ ಅದೇ ಹುಡುಗ ಜಗತ್ತಿನ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ಅಧ್ಯಕ್ಷ! ಅರ್ಧಕ್ಕೆ ಬಿಟ್ಟು ಹೋದವರ ಹೆಸರು ಹಳೆ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಇರಬೇಕೋ ಬೇಡವೋ ಎಂದು ನಮ್ಮ ಕಾಲೇಜುಗಳ ಸಂಘಗಳಲ್ಲಿ ಚರ್ಚೆ ಬಂದರೆ ಈ ಒಂದು ಉದಾಹರಣೆ ಸಾಕು.

ಹಡಗಿನ ಕಾಲದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳಿದ್ದಾಗ ಹೆಸರು, ನೆನಪು, ಕಾಗದ ಸಾಕಾಗುತ್ತಿತ್ತು. ವಿಮಾನದ ಕಾಲದಲ್ಲಿ ಲೆಕ್ಕ ಬದಲಾಯಿತು. 1959ರಲ್ಲಿ ಕೈರೋದ ಅಬ್ಬಾಸಿಯ್ಯದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ‘ಮದೀನತುಲ್ ಬುಊಸ್’ ಎಂಬ ದೊಡ್ಡ ವಸತಿ ನಗರಿಯೇ ಆಯಿತು. 1961ರ 103ನೇ ಕಾನೂನು ಅಝ್ಹರ್ ಅನ್ನು ಆಧುನಿಕ ವಿಶ್ವವಿದ್ಯಾಲಯವಾಗಿ ಬದಲಾಯಿಸಿ, ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ವಿಭಾಗಗಳನ್ನು ಸೇರಿಸಿತು. ಈಗ ಅಲ್ಲಿ ನೂರಕ್ಕೂ ಹೆಚ್ಚು ದೇಶಗಳ ಮಕ್ಕಳಿದ್ದಾರೆ. ಹೊರಬರುವವರಲ್ಲಿ ಮುಫ್ತಿಯೂ ಇರುತ್ತಾನೆ, ಡಾಕ್ಟರೂ ಇರುತ್ತಾನೆ. ಇಷ್ಟು ಜನರನ್ನು ಒಬ್ಬ ರಿವಾಖ್ ಶೈಖ್ ನೆನಪಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ.

ಅದಕ್ಕಾಗಿಯೇ 2007ರಲ್ಲಿ ‘ಅಲ್ ಅಝ್ಹರ್ ಪದವೀಧರರ ಜಾಗತಿಕ ಸಂಘಟನೆ’ ಕೈರೋದಲ್ಲಿ ಸ್ಥಾಪನೆಯಾಯಿತು. ಆಗ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ, 2010ರಿಂದ ಶೈಖುಲ್ ಅಝ್ಹರ್ ಆಗಿರುವ ಡಾ. ಅಹ್ಮದ್ ತಯ್ಯಿಬ್ ಇದರ ಮುಖ್ಯಸ್ಥರು. ಇಂಡೋನೇಶ್ಯಾ, ಮಲೇಶ್ಯಾ ಮುಂತಾದ ಕಡೆ ಶಾಖೆಗಳಿವೆ. ಇಂಡೋನೇಶ್ಯಾ ಶಾಖೆಯ ಮುಂದಾಳುಗಳಲ್ಲಿ ಒಬ್ಬರು ಪ್ರಸಿದ್ಧ ಖುರ್‌ಆನ್ ವ್ಯಾಖ್ಯಾನಕಾರ ಖುರೈಶ್ ಶಿಹಾಬ್. ಇನ್ನೊಬ್ಬರು ಲೊಂಬೋಕ್ ದ್ವೀಪದ ಕಡೆ ಹತ್ತು ವರ್ಷ ಗವರ್ನರ್ ಆಗಿದ್ದ ಝೈನುಲ್ ಮಜ್ದಿ. 2017ರಲ್ಲಿ ಅಲ್ಲಿ ದೊಡ್ಡ ಸಮ್ಮೇಳನವೂ ನಡೆಯಿತು.

ಸಮ್ಮೇಳನದ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಖಾರ. ವೇದಿಕೆ, ಶಾಲು, ಗ್ರೂಪ್ ಫೋಟೊ, ಬಿರಿಯಾನಿ ನಮ್ಮಲ್ಲಿಯೂ ಬೇಕಾದಷ್ಟು ಇವೆ. ಗವರ್ನರ್ ಆದ ಹಳೆ ವಿದ್ಯಾರ್ಥಿಯನ್ನು ಹುಡುಕಲು ಯಾವ ಸಂಘವೂ ಬೇಡ, ಅವನೇ ಟಿವಿಯಲ್ಲಿ ಕಾಣ್ತಾನೆ. ಹುಡುಕಬೇಕಾದದ್ದು ಯಾವುದೋ ಹಳ್ಳಿಯ ಮಸೀದಿಯಲ್ಲಿ ಸಣ್ಣ ಸಂಬಳಕ್ಕೆ ಖತೀಬ್ ಆಗಿರುವವನನ್ನು. ಊರಿನ ಯುವಕರು ಮೊಬೈಲಿನಲ್ಲಿ ನೋಡಿದ ಯಾವುದೋ ಫತ್ವಾ ಹಿಡಿದುಕೊಂಡು ಬಂದು ಜಗಳಕ್ಕೆ ನಿಂತಾಗ ಅವನ ಬೆನ್ನಿಗೆ ನಿಲ್ಲಲು ಒಂದು ದನಿ ಬೇಕು. ಈ ಸಂಘಟನೆಯ ಕೆಲಸದಲ್ಲಿ ನಮಗೆ ಮೆಚ್ಚಿಗೆಯಾದದ್ದು ಇದೇ ಭಾಗ. ಬೇರೆ ಬೇರೆ ದೇಶಗಳ ಇಮಾಮರಿಗೆ, ಖತೀಬರಿಗೆ ಅದು ತರಬೇತಿ ಶಿಬಿರ ನಡೆಸುತ್ತದೆ. ತೀವ್ರವಾದಿ ಗುಂಪುಗಳು ಆಯತ್, ಹದೀಸ್‌ಗಳನ್ನು ತಿರುಚಿ ಹೇಳುವುದಕ್ಕೆ ಕಿತಾಬ್‌ಗಳಿಂದ ಉತ್ತರ ಕೊಡುವುದು ಹೇಗೆ ಅನ್ನುವುದು ಅದರ ಮುಖ್ಯ ಪಾಠ. ಅರಬಿ ಮಾತೃಭಾಷೆಯಲ್ಲದವರಿಗೆ ಅರಬಿ ಕಲಿಸುವ ಕೆಲಸವೂ ಇದೆ. ‘ನೂರ್’ ಅಂತ ಮಕ್ಕಳ ಪತ್ರಿಕೆಯನ್ನೂ ಹೊರಡಿಸುತ್ತದೆ. ಪದವೀಧರರ ಸಂಘ ಮಕ್ಕಳ ಪತ್ರಿಕೆ ಯಾಕೆ ಮಾಡಬೇಕು ಎಂದು ಮೊದಲಿಗೆ ನಮಗೂ ಅನಿಸಿತು. ಹಳೆ ವಿದ್ಯಾರ್ಥಿಯ ಮನೆಯಲ್ಲೂ ಮಕ್ಕಳಿದ್ದಾರಲ್ಲ!

ನಮ್ಮ ದೇಶದ ಕಡೆಯೂ ಅಝ್ಹರ್‌ನ ಎಳೆಗಳಿವೆ. ಬರೇಲಿಯ ಅಖ್ತರ್ ರಝಾ ಖಾನ್ 1963ರಿಂದ 1966ರವರೆಗೆ ಅಲ್ಲಿ ಕಲಿತರು. ನಂತರ ಜೀವನವಿಡೀ ಜನ ಅವರನ್ನು ಕರೆದದ್ದು ‘ಅಝ್ಹರಿ ಮಿಯಾ’ ಅಂತಲೇ. ಕೇರಳದ ಆಲುವ ಕಡೆಯ ಮುಹಿಯುದ್ದೀನ್ ಆಲುವಾಯಿ ಅಝ್ಹರ್‌ನಲ್ಲಿ ಕಲಿತು, ಅಲ್ಲೇ ಪಾಠವನ್ನೂ ಮಾಡಿದರು. ತಗಳಿಯವರ ‘ಚೆಮ್ಮೀನ್’ ಕಾದಂಬರಿಯನ್ನು ಅರಬಿಗೆ ಅನುವಾದಿಸಿದವರು ಅವರೇ. ಮೀನುಗಾರರ ಕಡಲ ಕಥೆ ನೈಲ್ ನದಿಯ ದಡದವರೆಗೆ ಹೋದದ್ದು ಒಬ್ಬ ಪರವೂರ ವಿದ್ಯಾರ್ಥಿಯಿಂದ.

ಇನ್ನು ನಮ್ಮ ಮನೆಗಳ ವಿಷಯ. ಮಗ ಕೈರೋದಿಂದಲೋ ಮದೀನಾದಿಂದಲೋ ಕಲಿತು ಬಂದ ಎಂದು ಊರಲ್ಲಿ ಸನ್ಮಾನ ಆಗುತ್ತದೆ. ಆರು ತಿಂಗಳು ಕಳೆದ ಮೇಲೆ ಅವನಿಗೆ ಇಲ್ಲಿಯ ಕಾಲೇಜಿನಲ್ಲಿ ಅರಬಿ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಬೇಕಾಗುತ್ತದೆ, ಅಥವಾ ಎಂ.ಎ., ಪಿಎಚ್.ಡಿ. ಮಾಡಬೇಕು ಅನಿಸುತ್ತದೆ. ಆಗ ಕೇಳುವುದು ವಿದೇಶಿ ಪದವಿಗೆ ಇಲ್ಲಿಯ ಸಮಾನತೆ ಪತ್ರ. ಅದಕ್ಕೆ ಎಲ್ಲ ವರ್ಷಗಳ ಅಂಕಪಟ್ಟಿ, ಪಠ್ಯಕ್ರಮದ ವಿವರ, ಪದವಿ ಪತ್ರ, ಅದಕ್ಕೆ ಅಲ್ಲಿಯ ಸರಕಾರದ ಹಾಗೂ ನಮ್ಮ ರಾಯಭಾರ ಕಚೇರಿಯ ಮುದ್ರೆ, ಅರಬಿಯಲ್ಲಿರುವುದಕ್ಕೆ ಇಂಗ್ಲಿಷ್ ಅನುವಾದ ಎಲ್ಲ ಬೇಕಾಗಬಹುದು. ಇವುಗಳಲ್ಲಿ ಒಂದು ಕಡಿಮೆಯಾದರೂ ಫೈಲು ಮೇಜಿನಿಂದ ಮೇಜಿಗೆ. ವರ್ಷಗಟ್ಟಲೆ ಕಿತಾಬ್ ಓದಿದ ಹುಡುಗ ಕೊನೆಗೆ ಗಲ್ಫಿನ ಅಂಗಡಿಯಲ್ಲಿ ಕ್ಯಾಶಿಯರ್ ಆಗಿ ಕೂತದ್ದನ್ನು ನಾವು ಕಂಡಿದ್ದೇವೆ. ದುಡಿಮೆ ಯಾವುದಾದರೂ ಹಲಾಲೇ, ಅದಕ್ಕೆ ಬೇಸರ ಇಲ್ಲ. ಕಲಿತದ್ದು ಊರಿಗೆ ಸಿಗಲಿಲ್ಲವಲ್ಲ ಎಂಬುದಕ್ಕೆ ಬೇಸರ.

ವಿದೇಶದಲ್ಲಿ ಎಂಬಿಬಿಎಸ್‌ಗೆ ಹೋಗುವ ಮಕ್ಕಳ ಮನೆಯವರಿಗೆ ಇದು ಇನ್ನೂ ಮುಖ್ಯ. 2021ರ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮ ಇರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಇವೆಲ್ಲ ಆಗಿದೆ ಎಂದು ಕಾಗದದಲ್ಲಿ ಹೇಳಬೇಕಾದದ್ದು ಆ ಕಾಲೇಜು. ಊರಿಗೆ ಬಂದ ನಂತರ ಅಲ್ಲಿಗೆ ಇಮೇಲ್ ಮಾಡಿದರೆ ಉತ್ತರ ಬರುತ್ತದಾ? ಹಳೆಯ ವಿದೇಶಿ ವಿದ್ಯಾರ್ಥಿಗಳಿಗೆ ಅಂತ ಒಂದು ವಿಭಾಗ, ಅದರಲ್ಲಿ ಫೋನ್ ಎತ್ತುವ ಒಬ್ಬ ಮನುಷ್ಯ ಇದ್ದಾನಾ? ಏಜೆಂಟರು ಮನೆಗೆ ಬಂದು ಹಾಸ್ಟೆಲ್‌ನ ಫೋಟೊ ತೋರಿಸುವಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇದನ್ನೇ ಮೊದಲು ಕೇಳಬೇಕು. ಆ ಕಾಲೇಜಿನಲ್ಲಿ ಓದಿ ಐದು ವರ್ಷದ ಹಿಂದೆ ಬಂದ ಭಾರತದವರು ಯಾರಾದರೂ ಇದ್ದರೆ ಅವರ ಜೊತೆ ನೇರವಾಗಿ ಮಾತಾಡಬೇಕು. ಏಜೆಂಟ್ ಕೊಟ್ಟ ನಂಬರ್ ಅಲ್ಲ, ನೀವೇ ಹುಡುಕಿದ ನಂಬರ್.

ಮಕ್ಕಳಿಗೂ ಒಂದು ಮಾತು. ಉಸ್ತಾದರ ಜೊತೆಗಿನ ಸಂಬಂಧ ಅಂದರೆ ಹಬ್ಬದ ದಿನದ ವಾಟ್ಸ್ಆ್ಯಪ್ ಸ್ಟಿಕ್ಕರ್ ಮಾತ್ರ ಅಲ್ಲ. ಓದಿದ ಕಿತಾಬ್‌ಗೆ ಇಜಾಝತ್ ಬರೆಸಿಕೊಳ್ಳಿ, ವಿಭಾಗದ ಕಚೇರಿಯಲ್ಲಿ ಹೆಸರು, ಊರಿನ ವಿಳಾಸ ಸರಿಯಾಗಿ ದಾಖಲಾಗಿದೆಯಾ ನೋಡಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಸನದಿನಲ್ಲಿ ಅರಬಿ ಉಚ್ಚಾರದ ಇನ್ನೊಂದು ಹೆಸರು ಆಗಿ ಪರದಾಡುವವರು ಬಹಳ. ಮುದ್ರೆಯ ಕೆಲಸಗಳನ್ನು ಅಲ್ಲಿರುವಾಗಲೇ ಮುಗಿಸಿ. ಇಲ್ಲಿಗೆ ಬಂದ ಮೇಲೆ ಅದಕ್ಕೆ ಇನ್ನೊಬ್ಬರ ಕಾಲು ಹಿಡಿಯಬೇಕು.

ನಮ್ಮ ಸಂಸ್ಥೆಗಳು ಏನು ಮಾಡಬಹುದು? ಕರಾವಳಿಯ ದರ್ಸ್‌ಗಳಲ್ಲಿ, ಕಾಲೇಜುಗಳಲ್ಲಿ ಕಲಿತವರು ಇಂದು ದುಬೈ, ಮಸ್ಕತ್, ದಮ್ಮಾಮ್, ಲಂಡನ್ ತನಕ ಇದ್ದಾರೆ. ಲಕ್ಷದ್ವೀಪದಿಂದ ಬಂದು ಕಲಿತವರ ಮಾತೂ ನಮ್ಮ ಹಿರಿಯರ ಬಾಯಲ್ಲಿದೆ. ಅಮೀನಿ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರು ಬಂದರಿಗೂ ದ್ವೀಪಕ್ಕೂ ಓಡಾಟ ಹಳೆಯದು. ಆ ವಿದ್ಯಾರ್ಥಿಗಳ ಪಟ್ಟಿ ಎಷ್ಟು ಪಳ್ಳಿಗಳಲ್ಲಿ ಸಿಗುತ್ತದೆ? ಜಮಾಅತಿನ ಲೆಕ್ಕದ ಪುಸ್ತಕದಲ್ಲಿ ಸುಣ್ಣ ಬಳಿದ ಖರ್ಚು ಇರುತ್ತದೆ, ಚಾಪೆ ತಂದ ಖರ್ಚು ಇರುತ್ತದೆ. ಆ ವರ್ಷ ದರ್ಸ್‌ನಲ್ಲಿ ಯಾರು ಯಾರು ಓದಿದರು, ಯಾವ ಊರಿನಿಂದ ಬಂದರು, ಯಾರ ಮನೆಯಲ್ಲಿ ಉಂಡರು ಎಂದು ಬರೆದ ಪುಟ ಹೆಚ್ಚಿನ ಕಡೆ ಇಲ್ಲ. ಇದು ಗೊತ್ತಿರುವುದು ಎಪ್ಪತ್ತು, ಎಂಬತ್ತು ದಾಟಿದ ಕೆಲವು ಹಿರಿಯರಿಗೆ, ಊಟ ಬಡಿಸಿದ ಕೆಲವು ಉಮ್ಮಂದಿರಿಗೆ ಮಾತ್ರ. ಹೈಸ್ಕೂಲ್ ಮುಗಿಸಿ ರಜೆಯಲ್ಲಿರುವ ಹುಡುಗ ಹುಡುಗಿಯರ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಈ ಹಿರಿಯರ ಹತ್ತಿರ ಕಳಿಸಬಹುದು. ಮುತಅಲ್ಲಿಮಿನ ಹೆಸರು, ಊರು, ಉಸ್ತಾದ್ ಯಾರು, ಅಂದಾಜು ಯಾವ ವರ್ಷ, ಊಟದ ಮನೆ ಯಾವುದು ಎಂಬ ಐದು ವಿಷಯ ಬರೆದರೆ ಸದ್ಯಕ್ಕೆ ಸಾಕು. ನಿಮ್ಮ ಊರಿನ ಅಂತಹ ಪಟ್ಟಿ ಸಿದ್ಧವಾದರೆ ಈ ಪುಟಕ್ಕೂ ಒಂದು ಪ್ರತಿ ಕಳಿಸಿ, ನಾವು ಪ್ರಕಟಿಸುತ್ತೇವೆ.